‘ಮದ್ರಾಸಿ’ಯ ಜುಟ್ಟು ಮತ್ತು ನಮ್ಮ ನಗೆ

ಹೊರನಾಡಿನಲ್ಲಿ ನೆಲಸಿದ ನಮ್ಮಲ್ಲಿ ‘ಮದ್ರಾಸಿ’ ಎಂದು ಕರೆಸಿಕೊಳ್ಳದವರು ವಿರಳ. ಆ ಹೆಸರಿಗೊಂದು ಚರಿತ್ರೆಯಿದೆ. 1956ರ ರಾಜ್ಯ ಪುನರ್ವಿಂಗಡಣೆಗೆ ಮುನ್ನ ಮಂಗಳೂರು, ಉಡುಪಿಗಳು ಮದ್ರಾಸ್ ಆಡಳಿತಕ್ಕೆ ಸೇರಿದ್ದವು; ಅಲ್ಲಿಯವರನ್ನು ಹಾಗೆ ಕರೆದರೆ ಅರ್ಥವಾದರೂ ಇತ್ತು. ಆದರೆ ಧಾರವಾಡ, ಬಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಮುಂಬಯಿ ಪ್ರಾಂತದ ಪ್ರಜೆಯೇ ಆಗಿದ್ದ ಧಾರವಾಡದವನೂ ಮುಂಬಯಿಯಲ್ಲಿ ಮದ್ರಾಸಿಯಾದ! ಮದ್ರಾಸ್ ರಾಜ್ಯ 1969ರಲ್ಲಿ ತಮಿಳುನಾಡಾಯಿತು, ನಗರ 1996ರಲ್ಲಿ ಚೆನ್ನೈ ಆಯಿತು. ಮದ್ರಾಸಿ ಮಾತ್ರ ಉಳಿದುಕೊಂಡ. ಅವನನ್ನು ಉಳಿಸಿದ್ದರಲ್ಲಿ ಹಿಂದಿ ಚಿತ್ರಗಳ ಹಾಸ್ಯಕ್ಕೂ ಪಾಲಿದೆ.

1968ರ ‘ಪಡೋಸನ್’ ಚಿತ್ರದಲ್ಲಿ ಮೆಹಮೂದ್ ವಹಿಸಿದ ಸಂಗೀತ ಮೇಷ್ಟ್ರ ಪಾತ್ರವನ್ನು ಮರೆತವರುಂಟೇ? ಜುಟ್ಟು, ಪಂಚೆ, ಒಡಕು ಹಿಂದಿ. ಮೆಹಮೂದ್ ಸಮರ್ಥ ನಟರು. ನಾವೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೇವೆ. ಆದರೆ ಕಥೆಯನ್ನು ಗಮನಿಸಿ. ಸಂಗೀತ ಬಲ್ಲವನು ಮೇಷ್ಟ್ರು. ನಾಯಕನಾದ ಸುನಿಲ್ ದತ್ತರಿಗೆ ಹಾಡಲು ಬಾರದು. ಕಿಶೋರ್ ಕುಮಾರ್ ಮರೆಯಲ್ಲಿ ನಿಂತು ಹಾಡುತ್ತಾರೆ, ನಾಯಕ ಬರಿದೇ ತುಟಿ ಆಡಿಸುತ್ತಾನೆ. ಮೋಸ ಗೆಲ್ಲುತ್ತದೆ, ಕಲಿತವನು ನಗೆಪಾಟಲಾಗುತ್ತಾನೆ. ಪ್ರೇಕ್ಷಕರಿಗೆ ಇದು ಅನ್ಯಾಯವೆನಿಸುವುದಿಲ್ಲ. ಜುಟ್ಟು ಕಂಡಾಗಲೇ ತೀರ್ಪು ಮುಗಿದಿರುತ್ತದೆ.

ಅದೇ ಕಾಲದ ಮುಂಬಯಿಯನ್ನು ನೆನೆಯೋಣ. 1960ರಲ್ಲಿ ಆರಂಭವಾದ ‘ಮಾರ್ಮಿಕ್’ ವ್ಯಂಗ್ಯಚಿತ್ರ ವಾರಪತ್ರಿಕೆ, ಕಚೇರಿಗಳಲ್ಲಿದ್ದ ದಕ್ಷಿಣದವರ ಹೆಸರುಗಳ ಪಟ್ಟಿಗಳನ್ನು ಪ್ರಕಟಿಸಿತು. 1966ರಲ್ಲಿ ಶಿವಸೇನೆ ಹುಟ್ಟಿತು. ಲುಂಗಿಯನ್ನು ಓಡಿಸಿರೆಂಬ ಘೋಷಣೆ ಬೀದಿಗೆ ಬಂತು. ಉಡುಪಿ ಹೋಟೆಲುಗಳ ಮೇಲೆ ದಾಳಿಗಳಾದವು. ಚಿತ್ರ ನೋಡಿ ಯಾರೋ ಕಲ್ಲೆತ್ತಿಕೊಂಡರೆನ್ನಲಾಗದು. ಚಳವಳಿ ಆ ಚಿತ್ರಕ್ಕಿಂತ ಹಿಂದಿನದು. ಗುಮಾಸ್ತೆ ನೌಕರಿಗಳ ಪೈಪೋಟಿ ಅದಕ್ಕೊಂದು ಮುಖ್ಯ ಕಾರಣ. ಆದರೂ ತೆರೆಯ ಮೇಲಿನ ಮದ್ರಾಸಿಯೂ ಬೀದಿಯ ಘೋಷಣೆಯ ಮದ್ರಾಸಿಯೂ ಒಂದೇ ಅಚ್ಚಿನವರು. ತಮಿಳ, ತುಳುವ, ಮಲಯಾಳಿ, ಕನ್ನಡಿಗ ಎಂಬ ಭೇದ ಎರಡು ಕಡೆಯೂ ಬೇಕಾಗಲಿಲ್ಲ. ಮುಖವಿಲ್ಲದವನನ್ನು ನೋಡಿ ನಗುವುದೂ ಸುಲಭ, ಓಡಿಸುವುದೂ ಸುಲಭ.

1981ರಲ್ಲಿ ಕೆ. ಬಾಲಚಂದರ್ ಅವರ ‘ಏಕ್ ದೂಜೇ ಕೇ ಲಿಯೇ’ ಚಿತ್ರದಲ್ಲಿ ಕಮಲ ಹಾಸನ್ ತಮಿಳು ತರುಣನಾಗಿಯೇ ನಾಯಕನಾದರು. ಅವನಿಗೆ ಹಿಂದಿ ಬಾರದಿರುವುದು ಪ್ರೇಮಕಥೆಯ ಭಾಗವಾಯಿತು. ಆದರೆ 1990ರ ‘ಅಗ್ನಿಪಥ್’ನಲ್ಲಿ ಎಳನೀರು ಮಾರುವ ಕೃಷ್ಣನ್ ಅಯ್ಯರ್ ಪುನಃ ಲುಂಗಿಯುಟ್ಟು ಬಂದ. ಪಾತ್ರ ಸಜ್ಜನನದೇ, ಮಾತಿನ ಧಾಟಿ ಹಳೆಯದು.

ಉಚ್ಚಾರಣೆಯಿಂದ ನಗಿಸುವುದು ಬಹಳ ಪುರಾತನ ವಿದ್ಯೆ. ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಶಕಾರನು ‘ಸ’ಕಾರಕ್ಕೆ ‘ಶ’ಕಾರ ನುಡಿದೇ ನಗಿಸುತ್ತಾನೆ. ಆದರೆ ಅವನು ರಾಜನ ಮೈದುನ, ಅಧಿಕಾರಮತ್ತ. ಸಭೆ ನಕ್ಕಿದ್ದು ಬಲಿಷ್ಠನನ್ನು ನೋಡಿ. ಪರವೂರಿನಲ್ಲಿ ಹೊಟ್ಟೆಪಾಡಿಗೆ ದುಡಿಯುವವನ ನಾಲಗೆಯನ್ನು ಅಣಕಿಸುವುದು ಬೇರೆಯೇ ಕೆಲಸ.

ಕನ್ನಡ ನಾಟಕ, ಚಿತ್ರಗಳೂ ಇದಕ್ಕೆ ಹೊರತಲ್ಲ. ಒಡಕು ಕನ್ನಡದ ಸಾಬರು, ಚಹದಂಗಡಿಯ ಮಲಯಾಳಿ, ಬಡ್ಡಿಯ ಮಾರವಾಡಿ ಅಲ್ಲಿ ಎಷ್ಟೋ ಸಲ ಬಂದುಹೋಗಿದ್ದಾರೆ. ಹೊರನಾಡಿನಲ್ಲಿ ಅಲ್ಪಸಂಖ್ಯಾತರಾಗಿ ಬಾಳುವ ನಮಗೆ ಆ ನಗೆಯ ಇನ್ನೊಂದು ತುದಿ ಗೊತ್ತು. ನಮ್ಮ ಸಂಘಗಳು ವಾರ್ಷಿಕೋತ್ಸವಕ್ಕೆ ನಾಟಕ ಆರಿಸುವಾಗ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಆ ಪಾತ್ರದ ಜನ ನಮ್ಮ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದರೆ, ಅವರೂ ನಗುವರೇ? ನಗುವರೆಂದಾದರೆ ಧಾರಾಳವಾಗಿ ಆಡೋಣ.