ಗಡಂಗು ಹೋಯಿತು, ಪೊಟ್ಟಣ ಬಂತು

ವಂಡ್ಸೆಯಿಂದ ಬೆಳಿಗ್ಗೆ ಹೆಮ್ಮಾಡಿ, ಕುಂದಾಪುರದ ಕಡೆಗೆ ಹೊರಡುವ ಬಸ್ಸುಗಳಲ್ಲಿ ಕಾಲೇಜು ಮಕ್ಕಳೇ ತುಂಬಿರುತ್ತಾರೆ. ಅವರನ್ನು ನೋಡಿ ಪೇಟೆಯಲ್ಲಿ ನಿಂತ ಹಿರಿಯರು ಆಡುವ ಮಾತು ನಮಗೆಲ್ಲ ಬಾಯಿಪಾಠ: ನಮ್ಮ ಕಾಲದಲ್ಲಿ ಈ ಗಾಂಜಾ, ಕುಡಿತ ಎಲ್ಲ ಇರಲಿಲ್ಲ. ಮಾತು ಅರ್ಧ ನಿಜ. ಕುಡಿತ ಇತ್ತು, ಗಾಂಜಾವೂ ಇತ್ತು. ಕಾಲೇಜು ಇರಲಿಲ್ಲ.

ನಮ್ಮೂರು 1956ರ ತನಕ ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡದಲ್ಲಿತ್ತು. 1886ರ ಮದ್ರಾಸ್ ಅಬಕಾರಿ ಕಾಯ್ದೆಯ ಕಾಲದಲ್ಲಿ ಕುಡಿತ ಎಂದರೆ ಸರ್ಕಾರಕ್ಕೆ ಆದಾಯ. ಕಳ್ಳು ಇಳಿಸುವ ಮರಕ್ಕೆ ತೆರಿಗೆ, ಮಾರುವ ಗಡಂಗಿಗೆ ಹರಾಜು. ಗಾಂಜಾ, ಅಫೀಮು ಕೂಡ ಪರವಾನಗಿ ಪಡೆದ ಅಂಗಡಿಯಲ್ಲಿ ಸಿಗುವ ಸರಕು. 1893-94ರಲ್ಲಿ ಬ್ರಿಟಿಷರು ಗಾಂಜಾ, ಭಂಗಿಯ ಬಗ್ಗೆ ಒಂದು ಆಯೋಗವನ್ನೇ ನೇಮಿಸಿದ್ದರು. ಮಿತವಾಗಿ ಸೇವಿಸಿದರೆ ದೊಡ್ಡ ಹಾನಿ ಇಲ್ಲ, ಪೂರ್ತಿ ನಿಷೇಧ ಬೇಡ ಎಂದು ಅದು ವರದಿ ಕೊಟ್ಟಿತು. ಖಜಾನೆಯ ಚಿಂತೆ ಎಷ್ಟಿತ್ತು, ಜನರ ಆರೋಗ್ಯದ್ದೆಷ್ಟು ಎಂದು ಓದುವವರೇ ಊಹಿಸಬಹುದು.

ಗಡಂಗಿಗೆ ಹೋಗುತ್ತಿದ್ದವರು ದಿನವಿಡೀ ಮೈಮುರಿದು ದುಡಿದವರು. ಕೋಟದ ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ 'ಚೋಮನ ದುಡಿ'ಯ ಚೋಮ ಅಂಥವನು. ಅವನ ಕಳ್ಳಿನ ಹಿಂದೆ ಸಾಲ ಇತ್ತು, ಸ್ವಂತಕ್ಕೆ ಇಲ್ಲದ ಭೂಮಿ ಇತ್ತು. ಕಾಲೇಜು ಮೆಟ್ಟಿಲು ಹತ್ತುತ್ತಿದ್ದವರು ಬೇರೆಯೇ ಜಾತಿ, ಬೇರೆಯೇ ಮನೆಯವರು. ಅವರೂ ಮಂಗಳೂರಿಗೇ ಹೋಗಬೇಕಿತ್ತು. ಕುಂದಾಪುರದಲ್ಲಿ ಭಂಡಾರ್ಕಾರ್ಸ್ ಕಾಲೇಜು ಶುರುವಾದದ್ದು 1963ರಲ್ಲಿ.

ಆ ಕಾಲದ ವಿದ್ಯಾರ್ಥಿಗೂ ಗಡಂಗಿಗೂ ಸಂಬಂಧವೇ ಇರಲಿಲ್ಲ ಎನ್ನುವಂತಿಲ್ಲ. ಅದು ತಿರುವುಮುರುವಾದ ಸಂಬಂಧ. ಅಸಹಕಾರ ಚಳವಳಿಯಲ್ಲಿ ಹೆಂಡದಂಗಡಿ ಮುಂದೆ ಪಿಕೆಟಿಂಗ್ ಮಾಡುವುದು ಒಂದು ಮುಖ್ಯ ಕಾರ್ಯಕ್ರಮ. ಕಾಲೇಜು ಬಿಟ್ಟು ಬಂದ ಹುಡುಗರು ದೇಶದ ಎಲ್ಲ ಕಡೆ ಅದರಲ್ಲಿ ಸೇರಿದರು. ಕಾರಂತರೂ ಮಂಗಳೂರಿನ ಕಾಲೇಜು ಬಿಟ್ಟು ಖಾದಿ, ಸ್ವದೇಶಿ ಪ್ರಚಾರಕ್ಕೆ ಇಳಿದದ್ದು ಅದೇ ದಿನಗಳಲ್ಲಿ. ಇನ್ನೊಂದು ಕಡೆ ಕಳ್ಳು ಇಳಿಸುವುದನ್ನೇ ಕಸುಬು ಮಾಡಿಕೊಂಡಿದ್ದ ಸಮುದಾಯದೊಳಗೇ ಬೇರೆ ದನಿ ಎದ್ದಿತ್ತು. 1912ರಲ್ಲಿ ಕುದ್ರೋಳಿ ದೇವಸ್ಥಾನ ಪ್ರತಿಷ್ಠೆ ಮಾಡಿದ ನಾರಾಯಣ ಗುರುಗಳು ಹೆಂಡದ ಕಸುಬು ಬಿಟ್ಟು ಶಾಲೆ ಹಿಡಿಯಿರಿ ಎಂದು ಬೋಧಿಸಿದವರು. ಇಂದು ಬಸ್ಸಿನಲ್ಲಿ ನಿಂತ ಎಷ್ಟೋ ಮಕ್ಕಳ ಅಜ್ಜಂದಿರು ಮರ ಹತ್ತಿದವರೇ.

ಆಮೇಲೆ ನಿಷೇಧ ಬಂತು. ರಾಜಾಜಿ 1937ರಲ್ಲಿ ಸೇಲಂ ಜಿಲ್ಲೆಯಿಂದ ಶುರು ಮಾಡಿದ್ದು 1948ರ ಹೊತ್ತಿಗೆ ಇಡೀ ಮದ್ರಾಸ್ ಪ್ರಾಂತಕ್ಕೆ ಹಬ್ಬಿತು. ಗಡಂಗು ಮುಚ್ಚಿತು, ಕಾಡಂಚಿನಲ್ಲಿ ಕಳ್ಳಭಟ್ಟಿಯ ಹೊಗೆ ಎದ್ದಿತು. 1960ರ ದಶಕದ ಕೊನೆಗೆ ಮೈಸೂರು ರಾಜ್ಯ ನಿಷೇಧವನ್ನು ಕೈಬಿಟ್ಟಿತು. ಸಾರಾಯಿ ಮತ್ತೆ ಹರಾಜಿಗೆ ಬಂದು, ಕೊನೆಗೆ ಪ್ಲಾಸ್ಟಿಕ್ ಪ್ಯಾಕೆಟಿಗೆ ಇಳಿಯಿತು. ಆ ಪ್ಯಾಕೆಟ್ ಹಾಳುಮಾಡಿದ ಮನೆಗಳ ಲೆಕ್ಕ ನಮ್ಮ ಊರುಗಳ ಹೆಂಗಸರಿಗೆ ಗೊತ್ತು. ಧರ್ಮಸ್ಥಳದ ಜನಜಾಗೃತಿ ವೇದಿಕೆ 1990ರ ದಶಕದಿಂದ ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತ ಬಂದದ್ದು ಇದೇ ಕಾರಣಕ್ಕೆ.

2007ರ ಜುಲೈ 1ರಿಂದ ಸಾರಾಯಿ ನಿಂತಿತು. ಒಳ್ಳೆಯದೇ ಆಯಿತು. ಆದರೆ ಅದರ ಜೊತೆಗೆ ಯಾರೂ ಗಮನಿಸದ ಒಂದು ಬದಲಾವಣೆಯೂ ಆಯಿತೆಂದು ನಮ್ಮ ಅನಿಸಿಕೆ. ಸಾರಾಯಿ ಪ್ಯಾಕೆಟ್ ಕೂಲಿಯವನ ಗುರುತು, ಓದಿದ ಹುಡುಗ ಅದನ್ನು ಮುಟ್ಟಲು ನಾಚುತ್ತಿದ್ದ. ವೈನ್‌ಶಾಪಿನ ಕ್ವಾರ್ಟರ್, 90 ಎಂಎಲ್ ಟೆಟ್ರಾ ಪ್ಯಾಕ್‌ಗೆ ಅಂಥ ಜಾತಿ ಇಲ್ಲ. ಅಪ್ಪ ಕುಡಿಯುವುದನ್ನೇ ಮಗನೂ ಕುಡಿಯಬಹುದು. ಮದ್ಯದಂಗಡಿ ಶಾಲೆ-ಕಾಲೇಜಿನಿಂದ 100 ಮೀಟರ್ ದೂರ ಇರಬೇಕೆಂದು ರಾಜ್ಯದ ಅಬಕಾರಿ ನಿಯಮವಿದೆ. ಬೈಕ್ ಇರುವವನಿಗೆ 100 ಮೀಟರ್ ಯಾವ ಲೆಕ್ಕ? 2023ರ ಆರಂಭದಲ್ಲಿ ಸರ್ಕಾರವೇ ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸಲು ಹೊರಟು, ವಿರೋಧ ಬಂದ ಮೇಲೆ ಹಿಂದೆ ಸರಿಯಿತು. 18 ಎಂದರೆ ಪಿಯುಸಿ ಮುಗಿಸುವ ವಯಸ್ಸು.

ಗಾಂಜಾದ ಕಥೆ ಇನ್ನೂ ಬೇರೆ. 1985ರ ಎನ್‌ಡಿಪಿಎಸ್ ಕಾಯ್ದೆ ಅದನ್ನು ಅಪರಾಧ ಮಾಡಿತು, ಎಲೆಯ ಭಂಗಿಯನ್ನು ಮಾತ್ರ ಹೊರಗಿಟ್ಟಿತು. ಗಡಂಗಿನವನು ಊರಿನವನು. ಮೇಷ್ಟ್ರ ಮಗ ಬಂದರೆ ಸಂಜೆಯೊಳಗೆ ಮೇಷ್ಟ್ರಿಗೆ ಸುದ್ದಿ ಮುಟ್ಟುತ್ತಿತ್ತು. ಈಗಿನ ಪೊಟ್ಟಣ ಮಾರುವವನಿಗೆ ಊರಿಲ್ಲ, ಮೊಬೈಲ್ ನಂಬರ್ ಇದೆ. ಊರಿನ ಕಣ್ಣು ಮಾಡುತ್ತಿದ್ದ ಕೆಲಸ ಪೊಲೀಸರ ಪಾಲಾಗಿದೆ. ಹುಡುಗನನ್ನು ಹಿಡಿದು, ವೈದ್ಯಕೀಯ ಪರೀಕ್ಷೆ ಮಾಡಿಸಿ, ಸೇವನೆ ದೃಢಪಟ್ಟರೆ ಕೇಸು. ಮರುದಿನ ಪತ್ರಿಕೆಯಲ್ಲಿ ಹೆಸರು, ವಯಸ್ಸು, ಊರು ಸಹಿತ ನಾಲ್ಕು ಸಾಲು. ಅದನ್ನು ಕಳುಹಿಸುವವರು ನಮ್ಮಂಥ ಬಿಡಿ ಸುದ್ದಿಗಾರರೇ. ಕೇಸು ದಂಡದಲ್ಲಿ ಮುಗಿಯಬಹುದು, ಆ ನಾಲ್ಕು ಸಾಲು ಮುಗಿಯುವುದಿಲ್ಲ. ಕೆಲಸ ಕೊಡುವವರು ಮೊಬೈಲಿನಲ್ಲಿ ಹೆಸರು ಹುಡುಕಿದಾಗ ಮೊದಲು ಬರುವುದು ಅದೇ.

ಇದೇ ಕಾಯ್ದೆಯಲ್ಲಿ ಹೆಚ್ಚು ಸುದ್ದಿಯಾಗದ ಒಂದು ಭಾಗವಿದೆ. ಗಾಂಜಾ ಸೇವನೆಗೆ 27ನೇ ಸೆಕ್ಷನ್ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎನ್ನುತ್ತದೆ. ಆದರೆ 64-ಎ ಪ್ರಕಾರ, ಚಟಕ್ಕೆ ಬಿದ್ದವನು ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಅವನನ್ನು ವಿಚಾರಣೆಗೆ ಗುರಿಪಡಿಸುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ಹೋಗಬಹುದು. ಗಾಂಜಾದಲ್ಲಿ ಅಲ್ಪ ಪ್ರಮಾಣ ಎಂದರೆ 1 ಕಿಲೋದವರೆಗೆ. ಎಂಡಿಎಂಎಯಲ್ಲಿ ಅರ್ಧ ಗ್ರಾಂ ಮಾತ್ರ, ಹುಡುಗರಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ.

ಗುಟ್ಟಾಗಿ ಕೇಳಬೇಕಾದವರಿಗೆ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿಮನಸ್ 14416. ಎರಡಕ್ಕೂ ದುಡ್ಡಿಲ್ಲ. ನೇರ ಹೋಗುವವರಿಗೆ ಉಡುಪಿಯ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆಯಲ್ಲಿ ವ್ಯಸನಕ್ಕೆ ಚಿಕಿತ್ಸೆ ಇದೆ.