ಶೆಲ್ಲಿನೊಳಗಿನ ಗಂಜಿ, ತೆಂಗಿನ ಚಿಪ್ಪಿನ ಇದ್ದಿಲು

ಹೋದ ವಾರ ತೋಟಕ್ಕೆ ಬಂದಿದ್ದ ವ್ಯಾಪಾರಿಯೊಬ್ಬರು ತೆಂಗಿನ ಚಿಪ್ಪು ಕೇಳಿದರು. "ಒಲೆಗೆ ಹಾಕಬೇಡಿ ಅಣ್ಣ, ಮುಂದೆ ಇದರಲ್ಲೇ ಬ್ಯಾಟರಿ ಮಾಡ್ತಾರಂತೆ" ಅಂದರು. ಪಕ್ಕದ ಜಮೀನಿನವರು ನಕ್ಕುಬಿಟ್ಟರು. ನಗೋ ಮಾತಲ್ಲ, ನಿಜಾನೇ. ಆದರೆ ಹೊಸ ವಿಷಯವೂ ಅಲ್ಲ.

ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿತು. ಅದು ಮೊದಲು ಹೋಗಿದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಆಗ ಯಳಂದೂರು ಮೈಸೂರು ಸೀಮೆ, ಕೊಳ್ಳೇಗಾಲ ಹನೂರು ಮಾತ್ರ 1956ರ ತನಕ ಮದ್ರಾಸಿನ ಕಡೆ, ಕೊಯಮತ್ತೂರು ಜಿಲ್ಲೆ. ನಮ್ಮ ಪಕ್ಕದಲ್ಲೇ ಕರೆಂಟು ಹುಟ್ಟಿದರೂ, ನಾನು ಹುಡುಗನಾಗಿದ್ದಾಗ ಆನೆ, ಹಂದಿ ಕಾಯೋಕೆ ಕೈಲಿದ್ದದ್ದು ಮೂರು ಶೆಲ್ಲಿನ ಬ್ಯಾಟ್ರಿ. ಶೆಲ್ಲು ಸೋತರೆ ಬಿಸಿಲಿಗೆ ಇಡೋದು, ಪೂರ್ತಿ ಸತ್ತರೆ ಕಲ್ಲಲ್ಲಿ ಜಜ್ಜಿ ಕಪ್ಪು ಕಡ್ಡಿ ತೆಗೆದು ಗೋಡೆ ಮೇಲೆ ಗೀಚೋದು. ಒಳಗೆ ಬೆರಳಿಗೆ ಅಂಟೋ ಲೋಳೆ ಇರ್ತಿತ್ತು, ನೆನಪಿದೆಯಾ?

ಅದು ಗಂಜಿ. 1866ರಲ್ಲಿ ಫ್ರಾನ್ಸಿನ ಲೆಕ್ಲಾಂಶೆ ಮಾಡಿದ ಶೆಲ್ಲು ಗಾಜಿನ ಜಾಡಿಯಲ್ಲಿ ನವಸಾಗರದ ನೀರು ತುಂಬಿದ್ದು. ಹೊತ್ತುಕೊಂಡು ತಿರುಗಿದರೆ ಚೆಲ್ಲುತ್ತಿತ್ತು. 1886ರಲ್ಲಿ ಜರ್ಮನಿಯ ಗಾಸ್ನರ್ ಅದನ್ನು ಒಣ ಶೆಲ್ಲು ಮಾಡಿದ. ಆಮೇಲೆ ಕಾರ್ಖಾನೆಗಳು ಆ ನವಸಾಗರದ ನೀರನ್ನು ಹಿಡಿದಿಡೋಕೆ ಗೋಧಿ ಹಿಟ್ಟು, ಮುಸುಕಿನ ಜೋಳದ ಪಿಷ್ಟ ಬೇಯಿಸಿ ಹಾಕಿದವು. ಸೀರೆಗೆ ಹಾಕೋ ಗಂಜಿಯ ಥರಾನೇ.

ಟ್ರ್ಯಾಕ್ಟರಿನಲ್ಲಿರೋ ಸೀಸದ ಬ್ಯಾಟರಿ ಕಥೆಯೂ ಅಷ್ಟೇ. ಒಳಗಿನ ಪ್ಲೇಟುಗಳು ಒಂದಕ್ಕೊಂದು ತಾಗಬಾರದು. ಅದಕ್ಕೆ ಸುಮಾರು 1950ರವರೆಗೂ ನಡುವೆ ಇಡ್ತಿದ್ದದ್ದು ತೆಳುವಾಗಿ ಸೀಳಿ, ಕ್ಷಾರದ ನೀರಲ್ಲಿ ಬೇಯಿಸಿದ ಮರದ ಹಾಳೆ. ಆಮೇಲೆ ರಬ್ಬರು, ಪ್ಲಾಸ್ಟಿಕ್ಕು ಬಂದು ಮರ ಹೊರಗೆ ಹೋಯಿತು.

ಈಗ ಗಿಡಮರ ಮತ್ತೆ ಒಳಗೆ ಬರ್ತಾ ಇದೆ. ಮೊಬೈಲಿನ ಲಿಥಿಯಂ ಬ್ಯಾಟರಿಗೆ ಗ್ರಾಫೈಟ್ ಬೇಕು. ಅದು ಗಣಿಯಿಂದ ಬರಬೇಕು, ಇಲ್ಲವೇ ಪೆಟ್ರೋಲಿಯಂ ಕೋಕ್‌ನಿಂದ. ಲಿಥಿಯಂ ಬದಲು ಉಪ್ಪಿನಲ್ಲಿರೋ ಸೋಡಿಯಂ ಬಳಸೋಣ ಅಂದರೆ, ಅದು ಗ್ರಾಫೈಟ್‌ನಲ್ಲಿ ಸರಿಯಾಗಿ ಕೂರೋದಿಲ್ಲ. 2000ದಲ್ಲಿ ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದ ಸ್ಟೀವನ್ಸ್ ಮತ್ತು ಡಾನ್ ಗ್ಲೂಕೋಸನ್ನು ಸುಟ್ಟು ಮಾಡಿದ ಇಂಗಾಲದಲ್ಲಿ ಸೋಡಿಯಂ ಚೆನ್ನಾಗಿ ಕೂರುತ್ತೆ ಅಂತ ತೋರಿಸಿದರು. ಗ್ಲೂಕೋಸು ಅಂದರೆ ಜೋಳದ ಪಿಷ್ಟದಿಂದಲೂ ತೆಗೆಯೋದು. ಇದಕ್ಕೆ ಹಾರ್ಡ್ ಕಾರ್ಬನ್ ಅಂತಾರೆ. ಜಪಾನಿನ ಕುರಾರೆ ಕಂಪನಿ ಇದನ್ನು ತೆಂಗಿನ ಚಿಪ್ಪಿನಿಂದ ಮಾಡುತ್ತೆ. ಸ್ಟೋರಾ ಎನ್ಸೊ ಅನ್ನೋ ಕಂಪನಿ 2021ರಲ್ಲಿ ಫಿನ್ಲೆಂಡಿನ ಸುನಿಲಾದಲ್ಲಿ ಮರದ ಲಿಗ್ನಿನ್‌ನಿಂದ ಇಂಗಾಲ ಮಾಡೋ ಪ್ರಾಯೋಗಿಕ ಘಟಕ ಶುರು ಮಾಡಿತು.

ಹಾಗಂತ ನಮ್ಮ ಗುಂಡಿಯ ಇದ್ದಿಲು ನೇರವಾಗಿ ಬ್ಯಾಟರಿಗೆ ಆಗೋದಿಲ್ಲ. 100 ಕೆಜಿ ಚಿಪ್ಪು ಸುಟ್ಟರೆ ಸುಮಾರು 30 ಕೆಜಿ ಇದ್ದಿಲು. ಅದರಲ್ಲಿರೋ ಬೂದಿಯ ಅಂಶ ತೊಳೆದು, ಗಾಳಿ ಆಡದ ಹಾಗೆ 1000 ಡಿಗ್ರಿಗೂ ಮೇಲೆ ಕಾಯಿಸಬೇಕು. ಭತ್ತದ ಹೊಟ್ಟಿನಲ್ಲಿ ಮರಳಿನ ಅಂಶ ಜಾಸ್ತಿ, ತೊಳೆಯೋ ಖರ್ಚೂ ಜಾಸ್ತಿ. ಬೆಲೆ ಏರೋದು ಕುಲುಮೆಯಲ್ಲಿ, ಹೊಲದಲ್ಲಲ್ಲ. ಹಿಂದೆ ಶೆಲ್ಲಿಗೆ ಜೋಳ ಹೋದಾಗಲೂ ಬೆಳೆದವನಿಗೆ ಸಿಕ್ಕಿದ್ದು ಜೋಳದ ರೇಟೇ.

ಇನ್ನೊಂದು ನೆನಪು. 2003ರಲ್ಲಿ ಕೇಂದ್ರ ಯೋಜನಾ ಆಯೋಗದ ಸಮಿತಿ ಜತ್ರೋಪ ಬೆಳೆದು ಡೀಸೆಲ್ ಮಾಡಬಹುದು ಅಂತ ಶಿಫಾರಸು ಮಾಡಿತ್ತು. ಆ ಗಾಳಿಯಲ್ಲಿ ನಾನೂ ಬದುವಿನುದ್ದಕ್ಕೂ ಗಿಡ ನೆಟ್ಟೆ. ಬೀಜ ತಗೋತೀವಿ ಅಂದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ನಾಲ್ಕು ವರ್ಷ ನೋಡಿ ಕಿತ್ತು ಹಾಕಿದೆ.

ಅದಕ್ಕೇ ಹೇಳ್ತೀನಿ: ಬ್ಯಾಟರಿಗೆ ಅಂತ ಹೊಸ ಬೆಳೆ ಇಡಬೇಡಿ. ಯಾರು ಬಂದು ಅಗ್ರಿಮೆಂಟು ಅಂದರೂ ಅಡ್ವಾನ್ಸು ಕೈಗೆ ಬರದೆ ಸಹಿ ಹಾಕಬೇಡಿ. ಚಿಪ್ಪು ಮಾರಬಹುದು, ಆದರೆ ಒಣಗಿಸಿ, ಮಣ್ಣು ನಾರು ತೆಗೆದು, ತೂಕದ ಲೆಕ್ಕದಲ್ಲಿ ಮಾರಿ. ಗಾಡಿ ಲೆಕ್ಕದಲ್ಲಿ ಬೇಡ. ನಾಲ್ಕು ಮನೆಯವರು ಸೇರಿ ಕೂಡಿಹಾಕಿದರೆ ಮಾತಾಡೋಕೆ ಬಲ ಬರುತ್ತೆ. ಜೋಳದ ದಂಟು, ಹಿಪ್ಪುನೇರಳೆ ಕಡ್ಡಿ ಮಾತ್ರ ಕೊಡಬೇಡಿ. ಅದು ದನಕ್ಕೆ, ಗೊಬ್ಬರದ ಗುಂಡಿಗೆ, ಮಣ್ಣಿಗೆ ಸೇರಬೇಕಾದ್ದು.

ನಾನು ಆ ವ್ಯಾಪಾರಿಗೆ ಚಿಪ್ಪು ಕೊಟ್ಟೆ, ತಕ್ಕಡಿ ತರಿಸಿ. ದಂಟು ಕೇಳಿದರು, ಕೊಡಲಿಲ್ಲ. ನಿಮ್ಮೂರಲ್ಲಿ ಚಿಪ್ಪಿಗೆ ಏನು ರೇಟು ನಡೀತಿದೆ, ಕೆಳಗೆ ಬರೀರಿ. ಎಲ್ಲರಿಗೂ ಗೊತ್ತಾಗಲಿ.