ಮಸಿ ಬೆರೆತ ರಬ್ಬರು, ಬಿಸಿ ಮತ್ತು ವಿದ್ಯುತ್ತು

ಟಿ.ವಿ. ರಿಮೋಟು ಬಿಚ್ಚಿದರೆ ಗುಂಡಿಗಳ ಅಡಿಯಲ್ಲಿ ಪುಟ್ಟ ಕಪ್ಪು ಬಿಲ್ಲೆಗಳು ಕಾಣುತ್ತವೆ. ಅವೂ ರಬ್ಬರೇ, ಆದರೆ ವಿದ್ಯುತ್ತನ್ನು ಹರಿಯಬಿಡುತ್ತವೆ. ತಂತಿಗೆ ಕವಚವಾಗುವ ವಸ್ತುವಿಗೆ ಈ ಗುಣ ಬಂದದ್ದು ಕಾರ್ಬನ್ ಬ್ಲ್ಯಾಕ್ ಎಂಬ ನುಣುಪು ಮಸಿಯಿಂದ.

ಕಳೆದ ಶತಮಾನದ ಆರಂಭದಲ್ಲಿ ಮಸಿ ಬೆರೆಸತೊಡಗಿದ್ದು ಟೈರು ಬೇಗ ಸವೆಯಬಾರದೆಂದು. ವಾಹಕತೆ ಕೇಳದೆ ಬಂದ ಲಾಭ. ಈಥರ್ ಆವಿ ತುಂಬಿದ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಒಂದು ಕಿಡಿ ಹಾರಿದರೂ ಸ್ಫೋಟವಾಗಬಹುದಿತ್ತು. ಸ್ಥಿರ ವಿದ್ಯುತ್ತನ್ನು ನೆಲಕ್ಕಿಳಿಸುವ ರಬ್ಬರಿಗೆ ಅಲ್ಲಿ ಬೆಲೆ ಬಂತು. 1957ರಲ್ಲಿ ಆರ್. ಎಚ್. ನಾರ್ಮನ್ ಈ ವಿಷಯಕ್ಕೇ ಮೀಸಲಾದ ಪುಸ್ತಕ ಬರೆದರು. ಅದೇ ವರ್ಷ ಬ್ರಾಡ್‌ಬೆಂಟ್ ಮತ್ತು ಹ್ಯಾಮರ್ಸ್ಲಿ ಪರ್ಕೊಲೇಶನ್ ಗಣಿತವನ್ನು ಪ್ರಕಟಿಸಿದರು. ಅವರ ಮುಂದಿದ್ದದ್ದು ರಬ್ಬರಲ್ಲ, ರಂಧ್ರಗಳ ಜಾಲದಲ್ಲಿ ದ್ರವವೋ ಅನಿಲವೋ ಹೇಗೆ ದಾಟುತ್ತದೆ ಎಂಬ ಪ್ರಶ್ನೆ. ಆದರೂ ಮಸಿಯ ಪ್ರಮಾಣ ಒಂದು ಮಿತಿ ದಾಟಿದೊಡನೆ ಕಣಗಳ ಸರಪಳಿ ಈ ತುದಿಯಿಂದ ಆ ತುದಿಗೆ ಕೂಡಿಕೊಂಡು ರೋಧ ಏಕೆ ದಿಢೀರನೆ ಕುಸಿಯುತ್ತದೆ ಎಂಬುದನ್ನು ಆ ಗಣಿತವೇ ಬಿಡಿಸಿಕೊಟ್ಟಿತು.

ಬಿಸಿಯ ಪ್ರಶ್ನೆ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಬಿಸಿಯಾದರೆ ಲೋಹದ ರೋಧ ಏರುತ್ತದೆ, ಅರೆವಾಹಕದ ರೋಧ ಇಳಿಯುತ್ತದೆ. ಮಸಿ ರಬ್ಬರು ಎರಡನ್ನೂ ಮಾಡಬಲ್ಲದು. ಶಾಖಕ್ಕೆ ರಬ್ಬರು ಹಿಗ್ಗುವಷ್ಟು ಇಂಗಾಲ ಹಿಗ್ಗುವುದಿಲ್ಲ. ಕಣಗಳ ನಡುವಿನ ಸಂದು ಅಗಲವಾಗಿ ದಾರಿ ಕಡಿಯುತ್ತದೆ, ರೋಧ ಏರುತ್ತದೆ. ರಬ್ಬರಿನ ನೆಂಟನಾದ ಪಾಲಿಥೀನಿನಲ್ಲಿ ಈ ಏರಿಕೆ ಇನ್ನೂ ತೀವ್ರ: ಅದರ ಹರಳುಗಳು ಕರಗುವ ಹೊತ್ತಿಗೆ ರೋಧ ಸಾವಿರಾರು ಪಟ್ಟು ಜಿಗಿಯಬಲ್ಲದು. 1970ರ ದಶಕದಲ್ಲಿ ಬಂದ, ಬಿಸಿಯೇರಿದಾಗ ತನ್ನನ್ನು ತಾನೇ ಹತೋಟಿಗೆ ತಂದುಕೊಳ್ಳುವ ತಾಪಕ ಕೇಬಲ್‌ಗಳ ಗುಟ್ಟು ಇದೇ.

ಎದುರು ದಿಕ್ಕಿನ ವಿವರಣೆಗೆ 1978 ಮುಖ್ಯ ವರ್ಷ. ಪಿಂಗ್ ಶೆಂಗ್, ಸಿಕೆಲ್ ಮತ್ತು ಗಿಟಲ್‌ಮನ್ ಇಂಗಾಲ ಬೆರೆತ ಪಿ.ವಿ.ಸಿ.ಯನ್ನು ಪರೀಕ್ಷಿಸಿದರು. ಕೆಲವೇ ನ್ಯಾನೋಮೀಟರಿನ ಸಂದುಗಳನ್ನು ಎಲೆಕ್ಟ್ರಾನುಗಳು ಸುರಂಗ ಕೊರೆದಂತೆ ದಾಟುತ್ತವೆ. ಉಷ್ಣತೆಯಿಂದಾಗುವ ವೋಲ್ಟೇಜಿನ ಏರಿಳಿತ ಆ ದಾಟುವಿಕೆಗೆ ಒತ್ತಾಸೆಯಾಗುತ್ತದೆ. ಅತಿ ಶೀತದಲ್ಲಿ ಏರಿಳಿತ ಅಡಗಿ, ವಾಹಕತೆ ಹೆಚ್ಚು ಕಡಿಮೆ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಈ ಕ್ಷೇತ್ರದ ಅತ್ಯಂತ ಸುಂದರ ಚಿಂತನೆ ಇದೆಂದೇ ನನ್ನ ಭಾವನೆ. 1991ರ ಬಳಿಕ ಇಂಗಾಲದ ನ್ಯಾನೋನಳಿಕೆ, 2004ರ ಬಳಿಕ ಗ್ರಾಫೀನ್ ಬಂದು ಬೇಕಾದ ಇಂಗಾಲದ ಪ್ರಮಾಣ ಬಹಳ ತಗ್ಗಿತು. ಹಿಗ್ಗುವ ರಬ್ಬರಿಗೂ ಸಂದು ದಾಟುವ ಎಲೆಕ್ಟ್ರಾನಿಗೂ ನಡುವಿನ ಮೂಲ ಜಗ್ಗಾಟ ಹಾಗೆಯೇ ಉಳಿಯಿತು.

ಇನ್ನೊಂದು ತೊಡಕು ನೆನಪಿನದು. ಮೊದಲ ಸಲ ಕಾಯಿಸಿದಾಗ ಬರೆದ, ಉಷ್ಣತೆಗೆ ತಕ್ಕಂತೆ ರೋಧವನ್ನು ತೋರಿಸುವ ರೇಖೆಯ ಮೇಲೆ ತಣಿಯುವಾಗಿನ ರೇಖೆ ಕೂರುವುದಿಲ್ಲ. ಬಿಸಿಯಲ್ಲಿ ರಬ್ಬರಿನ ಸರಪಣಿಗಳು ಸಡಿಲಗೊಂಡು ಮಸಿಯ ಕಣಗಳು ಅಲ್ಪಸ್ವಲ್ಪ ಸರಿದು ಹೊಸ ಗುಂಪು ಕಟ್ಟಿರುತ್ತವೆ. ಗಂಧಕದಿಂದ ಹದಗೊಳಿಸಿ ಸರಪಣಿಗಳನ್ನು ಬಿಗಿದರೆ ಈ ಓಡಾಟ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಹಿಂದೆ ಎಳೆದು ಬಿಟ್ಟ ತುಂಡೂ ಬೇರೆಯದೇ ಅಂಕಿ ಕೊಡುತ್ತದೆ. ಆದ್ದರಿಂದ ಈ ಕೆಲಸಕ್ಕೆ ಇಳಿಯುವ ಎಳೆಯರಲ್ಲಿ ನನ್ನ ಕೋರಿಕೆ ಒಂದೇ: ಕಾಯಿಸಿದ ರೇಖೆಯ ಜೊತೆಗೆ ತಣಿಸಿದ ರೇಖೆಯನ್ನೂ, ಎಷ್ಟನೆಯ ಸುತ್ತಿನ ಅಳತೆ ಎಂಬುದನ್ನೂ ತಪ್ಪದೆ ಬರೆದಿಡಿ.